ಒಂಬತ್ತು ಕಾದಂಬರಿ ಶುರು ಮಾಡಿದ ಮಗಳು

ಪ್ರಶ್ನೆ: ಮೇಡಂ, ನಾವು ಶಿರಸಿ ಹತ್ತಿರದ ಹಳ್ಳಿಯವರು, ಅಡಿಕೆ ತೋಟದ ಮನೆ. ಮಗಳಿಗೆ 15 ವರ್ಷ. ಎಂಟನೇ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆ. ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಹತ್ತನೇ ತರಗತಿಗೆ ಹೆಸರು ಹಚ್ಚಿದ್ದೇವೆ. ಅಕ್ಕನ ಮಗನೂ ನಮ್ಮಲ್ಲೇ ಇದ್ದು ಓದುತ್ತಾನೆ, ಅವನಿಗೆ 16. ಮಗಳಿಗೆ ಕಥೆ ಬರೆಯುವ ಹುಚ್ಚು. ಇಲ್ಲಿಯವರೆಗೆ ಒಂಬತ್ತು ಕಾದಂಬರಿ ಶುರು ಮಾಡಿದ್ದಾಳೆ, ಒಂದೂ ಮೂರನೇ ಅಧ್ಯಾಯ ದಾಟಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ. ಎಲ್ಲದರಲ್ಲೂ ಹಿಮ ಬೀಳುತ್ತದೆ! ನಾನು ಬಿ.ಎ. ಓದಿದವಳು, ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದೆ. ಈಗ ನೋಟ್‌ಬುಕ್ ಅಡಗಿಸಿ ಇಡುತ್ತಾಳೆ. ಹುಡುಗ ಪೆನ್ನೇ ಹಿಡಿಯುವುದಿಲ್ಲ. ಆದರೆ ಬಾಯಲ್ಲಿ ಹೇಳಲು ಕೂತರೆ ಮನೆಯವರೆಲ್ಲ ಕೆಲಸ ಬಿಟ್ಟು ಕೇಳಬೇಕು. ಬೆಟ್ಟಕ್ಕೆ ಹೋದ ನಮ್ಮ ಆಕಳು ಗೌರಿ ಎರಡು ದಿನ ತಿರುಗಿ ಬರದೇ ಇದ್ದದ್ದನ್ನು ಮೊನ್ನೆ ಅರ್ಧ ತಾಸು ಹೇಳಿದ. ಇಬ್ಬರಿಗೂ ಕಥೆ ಬರೆಯುವುದನ್ನು ಹೇಗೆ ಕಲಿಸಲಿ? ಯಾವ ಪುಸ್ತಕ, ಯಾವ ಪಾಠ? ಕನ್ನಡದಲ್ಲೇ ಬರೆಯಬೇಕು ಅಂತ ಒತ್ತಾಯ ಮಾಡಲೇ? ಚಾಟ್‌ಜಿಪಿಟಿ ಬಳಸಲು ಬಿಡಬಹುದೇ?

ಉತ್ತರ: ಮೊದಲು ಆ ಕೆಂಪು ಪೆನ್ನಿನ ವಿಷಯ ಮುಗಿಸಿಬಿಡೋಣ. ಅದನ್ನು ಗಣಿತದ ನೋಟ್‌ಬುಕ್ಕಿಗೆ ಇಟ್ಟುಕೊಳ್ಳಿ. ಇದನ್ನು ಹೇಳುವ ಹಕ್ಕು ನನಗಿದೆ, ಯಾಕೆಂದರೆ ಇದೇ ತಪ್ಪನ್ನು ನಾನು ನಿಮಗಿಂತ ಚೆನ್ನಾಗಿ ಮಾಡಿದ್ದೇನೆ. ಕರಾವಳಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ರಜೆಯಲ್ಲಿ ಮಕ್ಕಳಿಗೆ ಕಥೆ ಬರೆಯುವ ತರಗತಿ ನಡೆಸುತ್ತಿದ್ದೆ. ಮೀನು ಮಾರುವ ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬಗ್ಗೆ ಎರಡು ಪುಟ ಬರೆದು ತಂದಳು. ಅಜ್ಜಿ ಆಡುವ ಮಾತೆಲ್ಲ ಆ ಮನೆಯ ಮಾತಿನಲ್ಲೇ ಇತ್ತು. ನಾನು ಕೂತು ಒಂದೊಂದನ್ನೂ ಪುಸ್ತಕದ ಕನ್ನಡಕ್ಕೆ ತಿದ್ದಿದೆ. ಚೆನ್ನಾಗಿ ತಿದ್ದಿದ್ದೇನೆ ಅಂತ ಹೆಮ್ಮೆ ಬೇರೆ. ಹುಡುಗಿ ಓದಿ ನೋಡಿ, "ಇದು ನಮ್ಮಜ್ಜಿ ಅಲ್ಲ ಟೀಚರ್" ಅಂದಳು. ಮರುವಾರದಿಂದ ಬರಲಿಲ್ಲ. ಆ ಎರಡು ಪುಟ ಈಗಲೂ ನನ್ನ ಹತ್ತಿರ ಇದೆ. ನಾನು ಹೊಡೆದು ಹಾಕಿದ ಸಾಲುಗಳೇ ಅದರಲ್ಲಿ ಚೆನ್ನಾಗಿವೆ.

ಹಾಗಾದರೆ ಓದಿ ಏನೂ ಹೇಳಬಾರದೇ? ಹೇಳಬೇಕು. ಪೆನ್ಸಿಲ್ ಹಿಡಿದು ಓದಿ. ಓದುವಾಗ ಎಲ್ಲಿ ಕಣ್ಣಿಗೆ ಕಟ್ಟಿದ ಹಾಗಾಯಿತೋ ಅಲ್ಲಿ ಕೆಳಗೆ ಗೆರೆ ಎಳೆಯಿರಿ. ಎಲ್ಲಿ ಗೊಂದಲವಾಯಿತೋ ಅಲ್ಲಿ ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿ. ಬೇರೆ ಗುರುತು ಬೇಡ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿ, ನಿಜವಾಗಿಯೂ ತಿಳಿಯಬೇಕು ಅನ್ನಿಸಿದ್ದನ್ನು. "ಇವಳು ಯಾಕೆ ಬಾಗಿಲು ತೆಗೆಯಲಿಲ್ಲ?" ಅನ್ನುವ ಹಾಗೆ. ಅಕ್ಷರ ತಪ್ಪು, ಒತ್ತು, ದೀರ್ಘ ಎಲ್ಲ ಕೊನೆಯ ಪ್ರತಿ ಬರೆಯುವಾಗ ನೋಡಿದರಾಯಿತು. ಗೋಡೆ ಕಟ್ಟುವ ಮೊದಲು ಯಾರೂ ಸುಣ್ಣ ಬಳಿಯುವುದಿಲ್ಲ.

ಇನ್ನೊಂದು ಮಾತು. ಅಡಗಿಸಿಟ್ಟ ನೋಟ್‌ಬುಕ್ಕನ್ನು ಹುಡುಕಲು ಹೋಗಬೇಡಿ. ಅದು ಅವಳದ್ದು. ಬೇರೆ ಹೊಸ ನೋಟ್‌ಬುಕ್ ಕೊಡಿಸಿ, "ಇದರಲ್ಲಿ ನಾನು ಕೊಟ್ಟ ಕೆಲಸ ಮಾತ್ರ" ಅನ್ನಿ. ಎರಡು ನೋಟ್‌ಬುಕ್ ಇದ್ದರೆ ಒಂದು ಮನೆಗೆ ಜಗಲಿಯೂ ಒಳಕೋಣೆಯೂ ಇದ್ದ ಹಾಗೆ. ಹದಿನೈದರ ವಯಸ್ಸಿಗೆ ಎರಡೂ ಬೇಕು.

ಈಗ ಒಂಬತ್ತು ಕಾದಂಬರಿಗೆ ಬರೋಣ. ಅವಳಿಗೆ ಕಲ್ಪನೆ ಕಡಿಮೆ ಇಲ್ಲ, ಶ್ರದ್ಧೆಯೂ ಕಡಿಮೆ ಇಲ್ಲ. ಅವಳು ಮುಗಿಸುವುದನ್ನು ಒಮ್ಮೆಯೂ ಮಾಡಿ ನೋಡಿಲ್ಲ, ಅಷ್ಟೇ. ಶುರು ಮಾಡುವುದನ್ನು ಒಂಬತ್ತು ಸಲ ಮಾಡಿದ್ದಾಳೆ, ಅದರಲ್ಲಿ ಈಗ ಪಳಗಿದ್ದಾಳೆ. ಹಾಗಾಗಿ ಸ್ವಲ್ಪ ಕಾಲ ಕಾದಂಬರಿ ಬದಿಗಿಡಲಿ. ಬಿಡು ಅನ್ನಬೇಡಿ, ಬದಿಗಿಡು ಅನ್ನಿ. ಒಂದು ಪುಟದ ಕಥೆ ಬರೆಯಲಿ, 300 ರಿಂದ 400 ಪದ. ಜಾಗ ಒಂದೇ, ಜನ ಇಬ್ಬರೇ, ಸಮಯ ಹತ್ತೇ ನಿಮಿಷ. ಮುಗಿಯಲೇಬೇಕು. ಕೆಟ್ಟದಾಗಿ ಮುಗಿದರೂ ಅಡ್ಡಿಯಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕೊಯ್ಲಿನ ದಿನ. ಬೆಳಿಗ್ಗೆ ಎಂಟಾದರೂ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದಿಲ್ಲ. ಅಪ್ಪ ಜಗಲಿ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕುತ್ತ ದಾರಿ ನೋಡುತ್ತಿದ್ದಾನೆ. ಇಷ್ಟೇ ಇದ್ದರೆ ಅದು ಸಂಗತಿ. ಪಕ್ಕದಲ್ಲಿ ಕೂತ ಮಗನಿಗೆ ಕೊನೆಗೌಡ ಯಾಕೆ ಬರುವುದಿಲ್ಲ ಅನ್ನುವುದು ಗೊತ್ತಿದೆ, ಆದರೆ ಹೇಳುವ ಹಾಗಿಲ್ಲ. ಈಗ ಅದು ಕಥೆ. ಒಬ್ಬನಿಗೆ ಏನೋ ಬೇಕು, ಇನ್ನೊಬ್ಬನ ಹತ್ತಿರ ಅದು ಇದೆ, ಮಧ್ಯೆ ಏನೋ ಅಡ್ಡ ನಿಂತಿದೆ. ಆ ಹತ್ತು ನಿಮಿಷದಲ್ಲಿ ಅಪ್ಪ ಮಗ ಮಾತಾಡುವುದು ಮಳೆ ಬಗ್ಗೆ, ಅಡಿಕೆ ದರದ ಬಗ್ಗೆ, ಅಮ್ಮನ ಮೊಣಕಾಲು ನೋವಿನ ಬಗ್ಗೆ. ಕೊನೆಗೌಡನ ಬಗ್ಗೆ ಒಂದೇ ಮಾತು ಬರಬಹುದು. ಓದುವವರಿಗೆ ಮಾತ್ರ ಹೊಟ್ಟೆಯೊಳಗೆ ತಳಮಳ. ಇದನ್ನು ನೀವು ಪಾಠ ಮಾಡಿ ವಿವರಿಸುವುದಕ್ಕಿಂತ ಸುಮ್ನೆ ಹೀಗೊಂದು ಸನ್ನಿವೇಶ ಕೊಟ್ಟು ಬರೆಸಿ. ಮಗಳು ಬರೆಯಲಿ, ನೀವೂ ಬರೆಯಿರಿ. ಹೌದು, ನೀವೂ. ಅರ್ಧ ತಾಸು, ಒಂದೇ ಮೇಜು. ಆಮೇಲೆ ನಿಮ್ಮದನ್ನು ಅವಳು ಪೆನ್ಸಿಲ್ ಹಿಡಿದು ಓದಲಿ. ನಿಮ್ಮ ಪುಟದ ಮೇಲೆ ಮೂರು ಪ್ರಶ್ನೆ ಚಿಹ್ನೆ ಬಿದ್ದಾಗ ಹೇಗಾಗುತ್ತದೆ ಅಂತ ನೋಡಿ.

ಇಂಥ ಒಂದು ಪುಟದ ಕಥೆ ಹತ್ತು ಮುಗಿದರೆ ಅವಳ ಕೈಗೆ ಮುಗಿಸುವ ರೂಢಿ ಬರುತ್ತದೆ. ಆಮೇಲೆ ಮೂರು ಪುಟ, ಆಮೇಲೆ ಎಂಟು. ಕಾದಂಬರಿ ಎಲ್ಲೂ ಓಡಿ ಹೋಗುವುದಿಲ್ಲ.

ಹಿಮದ ವಿಷಯ ಓದಿ ನನಗೆ ನಗು ಬಂತು, ಆದರೆ ಅವಳ ಎದುರು ನಗಬೇಡಿ. ಓದಿದ ಪುಸ್ತಕದಲ್ಲಿ ಹಿಮ ಬಿದ್ದಿದೆ, ಹಾಗಾಗಿ ಕಥೆ ಅಂದರೆ ಹಿಮ ಬೀಳಬೇಕು ಅಂದುಕೊಂಡಿದ್ದಾಳೆ. ತನ್ನ ಮನೆ ಕಥೆಗೆ ಲಾಯಕ್ಕಲ್ಲ ಅನ್ನುವ ಅನುಮಾನ ಈ ವಯಸ್ಸಿನ ಎಲ್ಲ ಮಕ್ಕಳಿಗೂ ಇರುತ್ತದೆ. ಬೈದು ಬಿಡಿಸಲು ಆಗುವುದಿಲ್ಲ. ಒಂದು ಉಪಾಯ ಇದೆ. "ಹಿಮ ಇರಲಿ. ಆದರೆ ಓದಿದವಳು ನಾನು, ನನಗೆ ಹಿಮ ಗೊತ್ತಿಲ್ಲ. ಅದರ ವಾಸನೆ ಹೇಗಿರುತ್ತದೆ, ಅದರ ಮೇಲೆ ನಡೆದರೆ ಕಾಲಿಗೆ ಹೇಗಾಗುತ್ತದೆ, ಬಟ್ಟೆ ಒಣಗಿಸುವುದು ಎಲ್ಲಿ, ಇಷ್ಟನ್ನು ಬರೆದು ಕೊಡು" ಅನ್ನಿ. ಎರಡು ಸಾಲಿಗೆ ನಿಲ್ಲುತ್ತಾಳೆ. ಮರುದಿನ ಅದೇ ಪ್ರಶ್ನೆಗಳನ್ನು ಆಷಾಢದ ಮಳೆಯ ಬಗ್ಗೆ ಕೇಳಿ. ಹಂಡೆ ಒಲೆಯ ಮೇಲೆ ಹರಗಿದ ಬಟ್ಟೆಯ ಹೊಗೆ ವಾಸನೆ, ಅಂಗಳದ ಹಾವಸೆಯ ಮೇಲೆ ಅಡಿಕೆ ದಬ್ಬೆ ಹಾಕಿ ನಡೆಯುವುದು, ಇಂಬಳ ಕಚ್ಚಿದ್ದು ಗೊತ್ತಾಗದೇ ರಕ್ತ ಮಾತ್ರ ಕಾಣುವುದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ಮೇಲೆ ಅಪ್ಪನ ಅಂಗಿಯ ಮೇಲಿನ ಮೈಲುತುತ್ತದ ನೀಲಿ ಕಲೆ. ಎರಡು ಪುಟ ತುಂಬುತ್ತದೆ. ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ಎದ್ದು ಹೋಗಿ. ಉಳಿದದ್ದು ಅವಳಿಗೆ ಅರ್ಥವಾಗುತ್ತದೆ.

ಭಾಷೆಯ ಬಗ್ಗೆ ಕೇಳಿದ್ದೀರಿ. ಒತ್ತಾಯ ಬೇಡ. ಇಂಗ್ಲಿಷಿನಲ್ಲಿ ಬರೆದರೆ ಬರೆಯಲಿ. ಆದರೆ ಒಂದು ನಿಯಮ ಮಾಡಿ. ಕಥೆಯಲ್ಲಿ ಯಾರಾದರೂ ಮಾತಾಡಿದರೆ, ಅವರು ನಿಜವಾಗಿ ಯಾವ ಮಾತಿನಲ್ಲಿ ಆಡುತ್ತಾರೋ ಅದರಲ್ಲೇ ಮೊದಲು ಬರೆಯಬೇಕು. ನಿಮ್ಮ ಮನೆ ಹವ್ಯಕರ ಮನೆಯಾದರೆ "ಎಂಗೆ ಗೊತ್ತಿಲ್ಲೆ" ಅಂತಲೇ ಬರಲಿ. ಪೇಟೆ ಅಂಗಡಿಯವರು ಕೊಂಕಣಿ ಆಡಿದರೆ ಕೊಂಕಣಿ ಬರಲಿ. ಆಮೇಲೆ ಬೇಕಾದರೆ ಬದಲಿಸಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಇರುವ ಭಾಗ್ಯ ಇದು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತರೆ ನಾಲ್ಕು ಥರದ ಕನ್ನಡ ಕಿವಿಗೆ ಬೀಳುತ್ತದೆ. ಅಂಕೋಲೆ ಬಸ್ಸು ಬಂದರೆ ಐದನೆಯದೂ ಬಂತು. ವಾರಕ್ಕೊಮ್ಮೆ ಪೇಟೆಗೆ ಹೋದಾಗ ಕಿವಿಗೆ ಬಿದ್ದ ಹತ್ತು ಮಾತು ಬರೆದುಕೊಂಡು ಬರಲಿ. ಹೆಸರು ಬೇಡ, ಮಾತು ಸಾಕು. ಮನೆಗೆ ಬಂದ ಮೇಲೆ ಒಂದು ಮಾತು ಆರಿಸಿ, ಅದನ್ನು ಆಡಿದವರು ಬಾಯಿಬಿಟ್ಟು ಹೇಳದೇ ಉಳಿಸಿದ್ದೇನು ಅಂತ ಊಹಿಸಿ ಬರೆಯಲಿ.

ಕನ್ನಡದಲ್ಲಿ ಬರೆಯುವವರಿಗೆ ಸಿಗುವ, ಇಂಗ್ಲಿಷಿನಲ್ಲಿ ಇಲ್ಲದ ಎರಡು ಉಪಕರಣ ಇವೆ. ಕಥೆ ಕಲಿಸುವ ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಇರುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಂದು, ಕ್ರಿಯಾಪದದ ಬಾಲ. "ಅಪ್ಪ ಬಂದ", "ಅಪ್ಪ ಬಂದರು". ವ್ಯಾಕರಣದವರಿಗೆ ಇದು ಏಕವಚನ, ಬಹುವಚನ. ಕಥೆ ಬರೆಯುವವರಿಗೆ ಇದು ಹೇಳುವವಳು ಎಲ್ಲಿ ನಿಂತಿದ್ದಾಳೆ ಅನ್ನುವ ಗುರುತು. ನಿಮ್ಮ ಮನೆಯಲ್ಲಿ ಅಪ್ಪನಿಗೆ "ಬಂದ" ಅನ್ನುವುದು ಸಲಿಗೆ. ಇನ್ನೊಂದು ಮನೆಯಲ್ಲಿ ಅದೇ ಮಾತು ಬೆನ್ನಿಗೆ ಏಟು ತರಬಹುದು. ಕಥೆಯಲ್ಲಿ ಹತ್ತು ಪುಟ "ಮಾಸ್ತರರು ಬಂದರು, ಮಾಸ್ತರರು ಹೇಳಿದರು" ಅಂತ ನಡೆದು, ಒಂದು ಕಡೆ ಥಟ್ಟನೆ "ಮಾಸ್ತರ ಬಂದ" ಅಂತ ಬಂದರೆ ಓದುಗನಿಗೆ ಗೊತ್ತಾಗುತ್ತದೆ, ಏನೋ ಮುರಿದಿದೆ. ವಿವರಣೆಯ ಒಂದು ಸಾಲೂ ಬೇಡ. ಮಗಳಿಗೆ ಇದನ್ನೇ ಅಭ್ಯಾಸ ಕೊಡಿ. ಒಬ್ಬರ ಬಗ್ಗೆ ಗೌರವ ಕಡಿಮೆಯಾಗುವುದನ್ನು, ಅಥವಾ ಹುಟ್ಟುವುದನ್ನು, ಬರೀ ಕ್ರಿಯಾಪದದ ಬಾಲದಲ್ಲಿ ತೋರಿಸಬೇಕು.

ಎರಡು, "ಅಂತೆ". "ಅವನು ಓಡಿ ಹೋದ" ಅಂದರೆ ಬರೆಯುವವಳಿಗೆ ಗೊತ್ತು. "ಓಡಿ ಹೋದನಂತೆ" ಅಂದರೆ ಊರಿಗೆ ಗೊತ್ತು, ಬರೆಯುವವಳ ಹೊಣೆ ಇಲ್ಲ. ಒಂದು ಪುಟ ಪೂರ್ತಿ "ಅಂತೆ"ಯಲ್ಲೇ ಬರೆಸಿ ನೋಡಿ. ಮದುವೆಮನೆಯ ಅಡುಗೆ ಕೋಣೆಯಲ್ಲಿ ಹೆಂಗಸರು ಹೋಳಿಗೆ ಲಟ್ಟಿಸುತ್ತ ಯಾವುದೋ ಮನೆಯ ಸುದ್ದಿ ಆಡುವ ಹಾಗೆ. ಕೊನೆಯ ಸಾಲಿನಲ್ಲಿ ಮಾತ್ರ "ಅಂತೆ" ತೆಗೆದುಬಿಡಬೇಕು. ಅಲ್ಲಿ ಗೊತ್ತಾಗುತ್ತದೆ, ಸುದ್ದಿ ಹೇಳುತ್ತಿದ್ದವಳು ಅದನ್ನು ಕಣ್ಣಾರೆ ನೋಡಿದವಳು. ನನ್ನ ತರಗತಿಯಲ್ಲಿ ಈ ಒಂದು ಅಭ್ಯಾಸದಿಂದ ಬಂದಷ್ಟು ಒಳ್ಳೆಯ ಪುಟಗಳು ಬೇರೆ ಯಾವುದರಿಂದಲೂ ಬಂದಿಲ್ಲ. ಬರೆಯಲು ಬಾರದು ಅಂದುಕೊಂಡವರೂ ಇದನ್ನು ಬರೆಯುತ್ತಾರೆ, ಯಾಕೆಂದರೆ ಕಿವಿಯಲ್ಲಿ ಮೊದಲೇ ಇರುತ್ತದೆ.

ಈಗ ಹುಡುಗ. ನಿಜ ಹೇಳಬೇಕೆಂದರೆ ನನಗೆ ಅವನ ಬಗ್ಗೆ ಚಿಂತೆಯೇ ಇಲ್ಲ. ಪೆನ್ನು ಹಿಡಿಯುವುದಿಲ್ಲ ಅಂದರೆ ಕಥೆ ಬರುವುದಿಲ್ಲ ಅಂತ ಅರ್ಥವಲ್ಲ. ನಮ್ಮ ಕಡೆಯ ಯಕ್ಷಗಾನದ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಒಂದೊಂದು ಪಾತ್ರ ವಹಿಸಿದ ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತು, ಆದರೆ ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ವಾಲಿವಧೆಯಲ್ಲಿ ವಾಲಿ ಬಾಣ ತಾಗಿ ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ರಾಮ ಉತ್ತರ ಕೊಡಬೇಕು. ಒಳ್ಳೆಯ ಅರ್ಥಧಾರಿಗಳು ಸೇರಿದರೆ ಅರ್ಧ ತಾಸು ಇವನದ್ದು ಸರಿ ಅನ್ನಿಸುತ್ತದೆ, ಮರುಗಳಿಗೆ ಅವನದ್ದು ಸರಿ ಅನ್ನಿಸುತ್ತದೆ. ಸಂಭಾಷಣೆ ಬರೆಯುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಕ್ಕಳ ಕಥೆಯಲ್ಲಿ ಸಾಮಾನ್ಯವಾಗಿ ಒಬ್ಬ ಒಳ್ಳೆಯವನು, ಇನ್ನೊಬ್ಬ ಮುಠ್ಠಾಳ. ಮುಠ್ಠಾಳನ ಜೊತೆ ಜಗಳ ಆಡಿ ಗೆದ್ದರೆ ಯಾರಿಗೆ ಬೇಕು ಆ ಕಥೆ?

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ದೇವಸ್ಥಾನಗಳಲ್ಲಿ, ಮನೆಗಳಲ್ಲಿ ತಾಳಮದ್ದಳೆ ನಡೆಯುತ್ತಿರುತ್ತದೆ. ಇಬ್ಬರನ್ನೂ ಒಂದಕ್ಕೆ ಕರೆದುಕೊಂಡು ಹೋಗಿ. ಮನೆಗೆ ಬಂದು ಅದನ್ನೇ ಆಡಿಸಿ. ಪುರಾಣವೇ ಬೇಕಾಗಿಲ್ಲ. ಬೆಂಗಳೂರಿಗೆ ಹೋಗುವ ಮಗ, ಬೇಡ ಅನ್ನುವ ಅಪ್ಪ. ಜಾಗ ಮಾರುವ ಅಣ್ಣ, ಮಾರಬಾರದು ಅನ್ನುವ ತಂಗಿ. ಹುಡುಗ ಅಪ್ಪನಾಗಲಿ, ಮಗಳು ಮಗನಾಗಲಿ, ಹತ್ತು ನಿಮಿಷ ಆದ ಮೇಲೆ ಪಾತ್ರ ಬದಲಿಸಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಹುಡುಗ ಅದನ್ನು ಕೇಳಿ ಬರೆದಿಳಿಸಲಿ. ಬರೆಯುವುದಿಲ್ಲ ಅನ್ನುವವನು ತಾನೇ ಆಡಿದ ಮಾತನ್ನು ಬರೆದಿಳಿಸಲು ಒಪ್ಪುತ್ತಾನೆ, ಇದು ನನ್ನ ಅನುಭವ. ಬರೆಯುತ್ತ ಹೋದ ಹಾಗೆ ಅವನಿಗೇ ಕಾಣುತ್ತದೆ, ಬಾಯಲ್ಲಿ ಕೈ ಬೀಸಿ ಹೇಳಿದ್ದು ಕಾಗದದ ಮೇಲೆ ಬಂದಿಲ್ಲ. ಆ ಕೈಬೀಸುವಿಕೆಗೆ ಬದಲು ಏನು ಬರೆಯಬೇಕು ಅನ್ನುವುದೇ ಅವನ ಮೊದಲ ಪಾಠ. ಗೌರಿಯ ಕಥೆಯನ್ನೂ ಹೀಗೇ ಬರೆಸಿ. ಅವನು ಹೇಳುವಾಗ ಅವನಿಗೆ ಗೊತ್ತಿಲ್ಲದ ಹಾಗೆ ರೆಕಾರ್ಡ್ ಮಾಡಬೇಡಿ, ಹೇಳಿಯೇ ಮಾಡಿ.

ಇಷ್ಟಾದ ಮೇಲೆ ಬರುವುದು ತಿದ್ದುವ ಕೆಲಸ. ಇಲ್ಲಿ ನನಗೆ ಕಾರವಾರದ ಕಡಲತೀರ ನೆನಪಾಗುತ್ತದೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡು ವರ್ಷದ ಟ್ಯಾಗೋರ್ ಆಗ ಅಲ್ಲಿಗೆ ಬಂದು ಉಳಿದಿದ್ದರು. ಇವತ್ತು ಆ ತೀರಕ್ಕೆ ಅವರದ್ದೇ ಹೆಸರು. ಅವರೂ ಶಾಲೆಗೆ ಒಗ್ಗದೇ ಹೆಚ್ಚಿನದನ್ನು ಮನೆಯಲ್ಲೇ ಕಲಿತವರು, ನಿಮ್ಮ ಮಗಳಿಗೆ ಇದನ್ನು ಹೇಳಿ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ ಬಂದು, ಅಳಿವೆಯ ಮರಳಿನ ಮೇಲೆ ನಡೆದು, ಮನೆಗೆ ಮುಟ್ಟಿದ ಕೂಡಲೇ ಅವರು ಒಂದು ಕವಿತೆ ಬರೆದರು. ಎಷ್ಟೋ ವರ್ಷ ಆದ ಮೇಲೆ ನೆನಪುಗಳನ್ನು ಬರೆಯುವಾಗ ಆ ರಾತ್ರಿಯ ಬಗ್ಗೆ ಹೇಳುತ್ತ, ಭಾವನೆ ತುಂಬಿ ತುಳುಕುವಾಗ ಬರೆದದ್ದು ಒಳ್ಳೆಯ ಬರವಣಿಗೆ ಆಗುವುದಿಲ್ಲ, ಸ್ವಲ್ಪ ದೂರ ಬೇಕು, ನೆನಪೇ ಸರಿಯಾದ ಬಣ್ಣ ಹಚ್ಚುತ್ತದೆ ಅನ್ನುವ ಅರ್ಥದ ಮಾತು ಬರೆದಿದ್ದಾರೆ. ನಮ್ಮವರೇ ಆದ ಕಥೆಗಾರ ಯಶವಂತ ಚಿತ್ತಾಲರು ತಮ್ಮೂರು ಹನೇಹಳ್ಳಿಯ ಬಗ್ಗೆ ಅಷ್ಟೊಂದು ಬರೆದದ್ದು ಮುಂಬೈಯಲ್ಲಿ ಕೂತು.

ಹದಿನೈದರ ಹುಡುಗಿಗೆ ಮುಂಬೈಗೆ ಹೋಗು ಅನ್ನಲಾಗುವುದಿಲ್ಲವಲ್ಲ. ಅದಕ್ಕೆ ನಾನು ಟ್ರಂಕನ್ನು ಬಳಸುತ್ತೇನೆ. ಮುಗಿದ ಕಥೆಯನ್ನು ಹಳೆಯ ಟ್ರಂಕಿನಲ್ಲೋ ಬೀರುವಿನಲ್ಲೋ ಹಾಕಿ ಮೂರು ವಾರ ಬೀಗ ಹಾಕುವುದು. ಮೂರು ವಾರ ಆದ ಮೇಲೆ ತೆಗೆಯದೇ, ನೆನಪಿನಿಂದಲೇ ಕಥೆಯನ್ನು ಮತ್ತೆ ಬರೆಯುವುದು. ಮರೆತುಹೋದ ಸಾಲು ಹೆಚ್ಚಾಗಿ ಬೇಡದ ಸಾಲೇ ಆಗಿರುತ್ತದೆ. ಆಮೇಲೆ ಹಳೆಯದನ್ನು ತೆಗೆದು ಎರಡನ್ನೂ ಹೋಲಿಸಿ, ಹಳೆಯದರಿಂದ ಒಂದೆರಡು ಒಳ್ಳೆಯ ಮಾತು ಎತ್ತಿಕೊಳ್ಳಬಹುದು. ಮೊದಲ ಸಲ ಮಕ್ಕಳು ಸಿಟ್ಟು ಮಾಡುತ್ತಾರೆ, "ಬರೆದದ್ದನ್ನೇ ಮತ್ತೆ ಯಾಕೆ ಬರೆಯಬೇಕು?" ಅಂತ. ಎರಡನೇ ಸಲ ತಾವೇ ಟ್ರಂಕು ತೆಗೆಯುತ್ತಾರೆ.

ಮನೆಯಲ್ಲಿ ಕಲಿಯುವ ಮಕ್ಕಳಿಗೆ ಒಂದು ದೊಡ್ಡ ಕೊರತೆ ಇದೆ, ಅದನ್ನು ನೀವು ತುಂಬಲು ಆಗುವುದಿಲ್ಲ. ಅಮ್ಮ ಅಲ್ಲದ ಓದುಗ. ಶಾಲೆಯಲ್ಲಾದರೆ ಪಕ್ಕದ ಬೆಂಚಿನವಳು ಓದಿ "ಬೋರು" ಅಂತ ಹೇಳಿ ಹೋಗುತ್ತಾಳೆ. ಆ ಮಾತಿಗೆ ಬೆಲೆ ಇದೆ. ನೀವು ಎಷ್ಟು ಚೆನ್ನಾಗಿ ಓದಿದರೂ ಅಮ್ಮನೇ. ಹೊಗಳಿದರೆ ಅಮ್ಮ ಅಲ್ವಾ ಅನ್ನಿಸುತ್ತದೆ, ತಪ್ಪು ಹೇಳಿದರೆ ಬೈದ ಹಾಗಾಗುತ್ತದೆ. ಹಾಗಾಗಿ ನಾಲ್ಕೈದು ಜನರ ಒಂದು ಗುಂಪು ಮಾಡಿ. ಒಂದೇ ವಯಸ್ಸಿನವರೇ ಬೇಕಾಗಿಲ್ಲ. ಊರಿನ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಪಂಚಾಯ್ತಿ ಗ್ರಂಥಾಲಯದಲ್ಲಿ ದಿನಾ ಪೇಪರ್ ಓದಲು ಬರುವ ಯಾರಾದರೂ, ಪಕ್ಕದ ಮನೆಯ ಅಜ್ಜಿ. ಅಜ್ಜಿ ಓದಬೇಕಾಗಿಲ್ಲ, ಕೇಳಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಸೇರಿ. ಬರೆದವರು ಗಟ್ಟಿಯಾಗಿ ಓದಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ಒಂದೇ ಕಟ್ಟುನಿಟ್ಟಿನ ನಿಯಮ. ಕೇಳಿದವರು ಎಲ್ಲಿ ಇನ್ನೂ ಬೇಕು ಅನ್ನಿಸಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು ಅಷ್ಟನ್ನು ಹೇಳಬೇಕು. "ಹೀಗೆ ಬರಿ" ಅಂತ ಯಾರೂ ಹೇಳುವ ಹಾಗಿಲ್ಲ. "ಅದು ಹಾಗಲ್ಲ, ನಾನು ಹೇಳಲು ಹೊರಟಿದ್ದು..." ಅಂತ ಬರೆದವರು ಶುರು ಮಾಡಿದರೆ ತಡೆಯಿರಿ. ಹೇಳಲು ಹೊರಟದ್ದು ಕಾಗದದ ಮೇಲೆ ಇರಬೇಕಿತ್ತು. ಓದುವ ದಿನ ನೀವು ಅವಲಕ್ಕಿ, ಚಹಾ ಮಾಡಿ ಒಳಗೇ ಇರಿ. ಕೂತು ಕೇಳಬೇಕು ಅನ್ನಿಸುತ್ತದೆ, ಕೂರಬೇಡಿ.

ಹೀಗೆ ಊರಿನವರ ಎದುರು ಓದುವಾಗ ಒಂದು ತೊಡಕು ಬರುತ್ತದೆ. ಹಳ್ಳಿ ಸಣ್ಣದು. ಯಾರ ಬಗ್ಗೆ ಬರೆದರೂ ಗೊತ್ತಾಗುತ್ತದೆ. ಕೊನೆಗೌಡ ಅಂದರೆ ಊರಿಗೆ ಇರುವವರೇ ಇಬ್ಬರೋ ಮೂವರೋ. ಹೆಸರು ಬದಲಿಸಿದರೆ ಸಾಲದು. ವಯಸ್ಸು, ಮನೆಯ ಜಾಗ, ಮನೆಯಲ್ಲಿರುವ ಜನ, ಇಷ್ಟನ್ನಾದರೂ ಬದಲಿಸಲಿ. ಇದರಿಂದ ಕಥೆಗೇ ಲಾಭ, ಯಾಕೆಂದರೆ ನಿಜವಾದ ಮನುಷ್ಯನನ್ನು ಬಿಟ್ಟ ಮೇಲೆಯೇ ಪಾತ್ರ ನಡೆಯಲು ಶುರು ಮಾಡುತ್ತದೆ. ಇನ್ನು 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ನಂತರ ಎಷ್ಟೋ ಮಕ್ಕಳು ಅದರ ಬಗ್ಗೆ ಕಥೆ ಬರೆದು ತಂದರು. ನಾನು ಬೇಡ ಅನ್ನಲಿಲ್ಲ. ಆದರೆ ಮಣ್ಣಿನಡಿ ಹೋದವರ ಮನಸ್ಸಿನೊಳಗೆ ಹೊಕ್ಕು ಬರೆಯಬೇಡಿ, ನೀವು ಆ ದಿನ ಎಲ್ಲಿದ್ದಿರಿ, ಯಾವ ಬಸ್ಸು ಬರಲಿಲ್ಲ, ಮನೆಯಲ್ಲಿ ಟಿವಿ ಎಷ್ಟು ಹೊತ್ತು ಹಚ್ಚಿಟ್ಟಿದ್ದರು, ಅದನ್ನು ಬರೆಯಿರಿ ಅಂದೆ. ಕೆಲವರು ಬರೆದರು. ಆ ಪುಟಗಳು ಮೊದಲಿನವಕ್ಕಿಂತ ಭಾರವಾಗಿದ್ದವು.

ಚಾಟ್‌ಜಿಪಿಟಿ. ಅದನ್ನು ಕೇಳಿದರೆ ಕಥೆ ಮುಗಿಸಿ ಕೊಡುತ್ತದೆ, ಅದೇ ತೊಂದರೆ. ನಿಮ್ಮ ಮಗಳು ಕಲಿಯಬೇಕಾದದ್ದೇ ಮುಗಿಸುವುದನ್ನು. ಬೇಕಾದರೆ ಒಂದು ಆಟ ಆಡಿಸಿ. ಕೊನೆಗೌಡನ ಸನ್ನಿವೇಶವನ್ನೇ ಅದಕ್ಕೆ ಕೊಟ್ಟು ಕಥೆ ಬರೆಸಿ, ಇಬ್ಬರೂ ಕೂತು ಅದರ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಲಿ. ಎಲ್ಲಿ ಕಣ್ಣಿಗೆ ಕಟ್ಟಿತು, ಎಲ್ಲಿ ಕಟ್ಟಲಿಲ್ಲ. ಅವರದ್ದೇ ತೀರ್ಮಾನಕ್ಕೆ ಬಿಡಿ.

ಪುಸ್ತಕ ಯಾವುದು ಅಂತ ಕೇಳಿದ್ದಿರಿ. ಕಥೆ ಬರೆಯುವುದು ಹೇಗೆ ಅನ್ನುವ ಪುಸ್ತಕ ಈಗ ಬೇಡ. ಸಣ್ಣಕಥೆ ಓದಿಸಿ, ವಾರಕ್ಕೆ ಎರಡು. ಹನೇಹಳ್ಳಿ, ಗೋಕರ್ಣ, ಅಂಕೋಲೆ ಅಂತ ಸುತ್ತಲೂ ಇಷ್ಟೊಂದು ಕಥೆಗಾರರು ಹುಟ್ಟಿದ್ದಾರೆ, ಅವರಿಂದಲೇ ಶುರು ಮಾಡಬಹುದು. ಓದಿದ ಮೇಲೆ ಸಾರಾಂಶ ಬರೆಸಬೇಡಿ, ದಯವಿಟ್ಟು. ಇಷ್ಟವಾದ ಒಂದು ಪ್ಯಾರಾವನ್ನು ಕೈಯಲ್ಲಿ ನಕಲು ಮಾಡಲಿ. ವಾಕ್ಯ ಎಲ್ಲಿ ತಿರುಗಿತು ಅಂತ ಬೆರಳಿಗೆ ಗೊತ್ತಾಗುತ್ತದೆ.

ಪರೀಕ್ಷೆಯ ಬಗ್ಗೆ ಎರಡೇ ಮಾತು.  ಮುಕ್ತ ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಒಮ್ಮೆ ಹೆಸರು ಹಚ್ಚಿದರೆ 5 ವರ್ಷದೊಳಗೆ 9 ಅವಕಾಶ ಇರುತ್ತದೆ. ಅಂದರೆ ನಿಮ್ಮ ಹತ್ತಿರ ಸಮಯ ಇದೆ, ಅದು ನಿಮಗೆ ಸಿಕ್ಕ ದೊಡ್ಡ ಅನುಕೂಲ. ಕಥೆಯನ್ನು ವೇಳಾಪಟ್ಟಿಯ ಒಂದು ಪಿರಿಯಡ್ ಮಾಡಿ, ಅಂಕ ಕೊಟ್ಟು, ಶಾಲೆಯನ್ನು ಮನೆಯೊಳಗೇ ತಂದು ಕೂರಿಸಬೇಡಿ. ವಾರಕ್ಕೆ ಎರಡು ದಿನ, ಒಂದೊಂದು ತಾಸು. ಸ್ಪರ್ಧೆಗೆ ಕಳಿಸುವುದೆಲ್ಲ ಹತ್ತು ಕಥೆ ಮುಗಿದ ಮೇಲೆ, ಅದೂ ಅವಳಾಗಿ ಕೇಳಿದರೆ.

ಬರುವ ಭಾನುವಾರ ಕೊನೆಗೌಡನಿಂದಲೇ ಶುರು ಮಾಡಿ. ಮೂರು ಹಾಳೆ, ಮೂರು ಪೆನ್ನು, ಅರ್ಧ ತಾಸು. ಹುಡುಗ ಬರೆಯುವುದಿಲ್ಲ ಅಂದರೆ ಅವನು ಹೇಳಲಿ, ನೀವು ಬರೆದುಕೊಳ್ಳಿ.

ಅಂದ ಹಾಗೆ, ಗೌರಿ ಮನೆಗೆ ಬಂದಳಾ? ಎರಡು ದಿನ ಬರಲಿಲ್ಲ ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಅವನ ಹತ್ತಿರವೇ ಬರೆಸಿ ಕಳಿಸಿ.